ಗುದದ್ವಾರದ ಜನ್ಮಜಾತ ದೋಷ: ಶಸ್ತ್ರಚಿಕಿತ್ಸೆ ಮತ್ತು ಮನೆಯ ಆರೈಕೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ವಿಚಾರವನ್ನು ನಾವು ಮನೆಗೆ ಬಂದ ಅತಿಥಿಗಳೆದುರೂ ಸಂಕೋಚವಿಲ್ಲದೆ ಮಾತನಾಡುತ್ತೇವೆ. ಆದರೆ ಕೆಲವು ತೊಂದರೆಗಳನ್ನು ಹತ್ತಿರದ ಬಂಧುಗಳಿಂದಲೂ ಮುಚ್ಚಿಡುತ್ತೇವೆ. ಶಿಶುವು ಗುದದ್ವಾರವಿಲ್ಲದೆ, ಇಲ್ಲವೇ ಅದು ಇರಬೇಕಾದ ಸ್ಥಳದಲ್ಲಿ ಇಲ್ಲದೆ ಜನಿಸುವುದು ಅಂತಹ ಒಂದು ದೋಷ. ಸುಮಾರು 4,000ದಿಂದ 5,000 ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ ಎಂಬುದು ವೈದ್ಯಲೋಕವು ಒಪ್ಪಿಕೊಂಡಿರುವ ಅಂದಾಜು. ಗಂಡುಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಇದು ವಿರಳವೆಂಬುದು ನಿಜ. ಆದರೂ ಪ್ರತಿದಿನ ಸಾವಿರಾರು ಮಕ್ಕಳು ಜನಿಸುವ ನಮ್ಮ ದೇಶದಲ್ಲಿ ಇಂತಹ ಶಿಶು ಯಾವುದಾದರೊಂದು ಮನೆಯಲ್ಲಿ ಹುಟ್ಟದ ದಿನವಿಲ್ಲ.

ಇದಕ್ಕೆ ಇಂದು ಉತ್ತಮವಾದ ಶಸ್ತ್ರಚಿಕಿತ್ಸೆಯಿದೆ. ಸಕಾಲದಲ್ಲಿ ಗುರುತಿಸಿ, ಸರಿಯಾದ ಕೈಗೆ ಒಪ್ಪಿಸಿದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗಿ, ಆಟವಾಡಿ, ಬೆಳೆದು ದುಡಿಯಬಲ್ಲರು. ಆದರೆ ಈ ಚಿಕಿತ್ಸೆಯನ್ನು ಕುರಿತು ಜನರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಮುಚ್ಚಿಕೊಂಡಿರುವ ಜಾಗದಲ್ಲಿ ಒಂದು ರಂಧ್ರ ಮಾಡಿದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಮಲ ಹೊರಬರಲು ದಾರಿ ಮಾಡುವುದು ಈ ಚಿಕಿತ್ಸೆಯ ಸುಲಭವಾದ ಭಾಗ. ಆ ದಾರಿಯ ಮೇಲೆ ಮಗುವಿಗೆ ಹಿಡಿತವನ್ನು ಒದಗಿಸುವುದೇ ನಿಜವಾದ ಗುರಿ. ಅದರಲ್ಲಿ ಶಸ್ತ್ರವೈದ್ಯರ ಪಾಲೆಷ್ಟೋ ತಂದೆತಾಯಿಯರ ಪಾಲೂ ಅಷ್ಟೇ ಇದೆ. ಈ ಲೇಖನದಲ್ಲಿ ಈ ಎರಡನ್ನೂ ವಿವರಿಸಲು ಪ್ರಯತ್ನಿಸಲಾಗಿದೆ.

ಗರ್ಭದಲ್ಲಿ ನಡೆಯುವುದೇನು?

ಗರ್ಭಧಾರಣೆಯ ನಾಲ್ಕನೆಯ ವಾರದ ಹೊತ್ತಿಗೆ ಭ್ರೂಣದ ಕೆಳತುದಿಯಲ್ಲಿ ಮಲ ಮತ್ತು ಮೂತ್ರಗಳೆರಡರ ದಾರಿಗಳೂ ಕೂಡಿಕೊಂಡ ಒಂದೇ ಕುಹರವಿರುತ್ತದೆ. ಇದನ್ನು ವೈದ್ಯರು ಕ್ಲೋಯಕ ಎನ್ನುತ್ತಾರೆ. ಹಕ್ಕಿಗಳಲ್ಲಿ ಈ ರಚನೆ ಜೀವನವಿಡೀ ಹಾಗೆಯೇ ಉಳಿಯುತ್ತದೆ. ಮನುಷ್ಯ ಭ್ರೂಣದಲ್ಲಿ ಮುಂದಿನ ಕೆಲವು ವಾರಗಳಲ್ಲಿ ನಡುವೆ ಒಂದು ಪದರ ಬೆಳೆದು, ಮುಂಭಾಗ ಮೂತ್ರಾಂಗಗಳಿಗೂ ಹಿಂಭಾಗ ಗುದನಾಳಕ್ಕೂ ಬೇರ್ಪಡುತ್ತದೆ. ಎಂಟನೆಯ ವಾರದ ಸುಮಾರಿಗೆ ತುದಿಯಲ್ಲಿದ್ದ ತೆಳುಪೊರೆ ತೆರೆದುಕೊಂಡು ಗುದದ್ವಾರ ರೂಪುಗೊಳ್ಳುತ್ತದೆ.

ಈ ಬೆಳವಣಿಗೆ ಎಲ್ಲಿ ತಡೆಯುತ್ತದೆಯೋ ಅದಕ್ಕೆ ತಕ್ಕಂತೆ ದೋಷದ ಸ್ವರೂಪವಿರುತ್ತದೆ. ಗುದನಾಳ ಚರ್ಮದ ಸಮೀಪದವರೆಗೆ ಬಂದು ನಿಂತಿರಬಹುದು, ಇಲ್ಲವೇ ಮೇಲೆಯೇ ಉಳಿದು ಮೂತ್ರಮಾರ್ಗಕ್ಕೆ ಸೇರಿಕೊಂಡಿರಬಹುದು. ಹೀಗೆ ಅಸಹಜವಾಗಿ ಸೇರಿಕೊಂಡ ಸಣ್ಣ ನಾಳವನ್ನು ಫಿಸ್ಟುಲಾ ಎಂದು ಕರೆಯುತ್ತಾರೆ.

ಇದೆಲ್ಲವೂ ತಾಯಿಗೆ ತಾನು ಗರ್ಭಿಣಿಯೆಂಬುದು ಖಚಿತವಾಗುವ ದಿನಗಳಲ್ಲಿಯೇ ನಡೆದುಹೋಗಿರುತ್ತದೆ. ಗ್ರಹಣದ ದಿನ ಹೊರಗೆ ಬಂದದ್ದರಿಂದಲೋ ಏನನ್ನೋ ಕತ್ತರಿಸಿದ್ದರಿಂದಲೋ ಹೀಗಾಯಿತೆಂದು ಬಾಣಂತಿಯನ್ನು ದೂಷಿಸುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯವೂ ಹೌದು. ಬಹುಪಾಲು ಮಕ್ಕಳಲ್ಲಿ ನಿರ್ದಿಷ್ಟವಾದ ಒಂದು ಕಾರಣ ಸಿಗುವುದೇ ಇಲ್ಲ. ಗರ್ಭಧಾರಣೆಗೆ ಮೊದಲೇ ಇದ್ದು ಹತೋಟಿಗೆ ಬಾರದ ಮಧುಮೇಹವು ಶಿಶುವಿನ ಜನ್ಮಜಾತ ದೋಷಗಳ ಸಂಭವವನ್ನು ಹೆಚ್ಚಿಸುತ್ತದೆಯಾದ್ದರಿಂದ, ಅಂತಹ ಸ್ತ್ರೀಯರು ವೈದ್ಯರ ಸಲಹೆ ಪಡೆದು ಸಕ್ಕರೆಯ ಪ್ರಮಾಣವನ್ನು ಹತೋಟಿಗೆ ತಂದುಕೊಂಡ ಮೇಲೆ ಗರ್ಭ ಧರಿಸುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಗರ್ಭಿಣಿಗೆ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ದೋಷ ಬಹಳ ಮಟ್ಟಿಗೆ ಕಾಣುವುದಿಲ್ಲ. ‘ಸ್ಕ್ಯಾನಿಂಗ್ ಎಲ್ಲ ಚೆನ್ನಾಗಿಯೇ ಬಂದಿತ್ತು’ ಎಂಬ ಧೈರ್ಯದಿಂದ ಶಿಶುವನ್ನು ಪರೀಕ್ಷಿಸದೆ ಬಿಡಬಾರದು.

ದೋಷದ ಬಗೆಗಳು

ಗಂಡುಶಿಶುವಿನಲ್ಲಿ ಗುದನಾಳವು ಅಂಡಕೋಶದ ಹಿಂದಿನ ಚರ್ಮದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವಾಗಿ ತೆರೆದಿರಬಹುದು. ಇದು ಸೌಮ್ಯವಾದ ಬಗೆ. ಅನೇಕ ಗಂಡುಮಕ್ಕಳಲ್ಲಿ ಅದು ಮೂತ್ರಮಾರ್ಗಕ್ಕೆ ಸೇರಿರುತ್ತದೆ. ಹತ್ತರಲ್ಲಿ ಸುಮಾರು ಒಬ್ಬರಲ್ಲಿ ಇನ್ನೂ ಮೇಲಕ್ಕೆ, ಮೂತ್ರಕೋಶದ ಕುತ್ತಿಗೆಗೆ ಸೇರಿರುತ್ತದೆ. ಈ ಕೊನೆಯ ಬಗೆ ಹೆಚ್ಚು ಕಠಿಣವಾದುದು.

ಹೆಣ್ಣುಶಿಶುವಿನಲ್ಲಿ ಹೆಚ್ಚಾಗಿ ಕಾಣುವುದು ಗುದನಾಳವು ಯೋನಿಯ ಹೊರಬಾಗಿಲಿನ ಸಮೀಪದಲ್ಲಿ ತೆರೆದುಕೊಂಡಿರುವ ಬಗೆ. ಬಲು ವಿರಳವಾಗಿ, ಸುಮಾರು 50,000 ಜನನಗಳಲ್ಲಿ ಒಂದರಲ್ಲಿ, ಮೂತ್ರ, ಯೋನಿ ಮತ್ತು ಗುದ ಈ ಮೂರೂ ದಾರಿಗಳು ಒಂದೇ ನಾಳದಲ್ಲಿ ಕೂಡಿ ಒಂದೇ ರಂಧ್ರವಾಗಿ ಹೊರಬರುತ್ತವೆ. ಭ್ರೂಣದ ಆ ಆರಂಭಿಕ ಕುಹರದ ಹೆಸರನ್ನೇ ಈ ದೋಷಕ್ಕೂ ಕೊಟ್ಟು ಇದನ್ನು ಕ್ಲೋಯಕ ಎನ್ನುತ್ತಾರೆ.

ಗಂಡಾಗಲಿ ಹೆಣ್ಣಾಗಲಿ, ಸುಮಾರು ನೂರರಲ್ಲಿ ಐದು ಮಕ್ಕಳಿಗೆ ಎಲ್ಲಿಯೂ ಫಿಸ್ಟುಲಾ ಇರುವುದಿಲ್ಲ. ಗುದನಾಳ ಒಳಗೆಯೇ ಕುರುಡಾಗಿ ಮುಗಿದಿರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಗುದದೋಷವಿದ್ದರೆ ಅದು ಬಹುತೇಕ ಈ ಬಗೆಯದೇ ಆಗಿರುತ್ತದೆ. ಮತ್ತೊಂದು ಅಪರೂಪದ ಬಗೆಯಲ್ಲಿ ಹೊರಗಿನಿಂದ ಗುದದ್ವಾರ ಸಂಪೂರ್ಣ ಸಹಜವಾಗಿ ಕಂಡರೂ ಒಂದೆರಡು ಸೆಂಟಿಮೀಟರ್ ಒಳಗೆ ದಾರಿ ಮುಚ್ಚಿರುತ್ತದೆ. ಆದ್ದರಿಂದ ದ್ವಾರ ಕಂಡಿತೆಂದಷ್ಟಕ್ಕೆ ನಿಶ್ಚಿಂತರಾಗದೆ, ಶಿಶು ಮಲ ವಿಸರ್ಜಿಸಿತೇ ಎಂಬುದನ್ನೂ ಗಮನಿಸಬೇಕು.

ದೊಡ್ಡ ಕರುಳಿನ ಒಂದು ಭಾಗ ಅಥವಾ ಪೂರ್ಣ ಕರುಳೇ ಚೀಲದಂತೆ ಉಬ್ಬಿ ಗಿಡ್ಡವಾಗಿರುವ ‘ಪೌಚ್ ಕೋಲನ್’ ಎಂಬ ದೋಷ ಜಗತ್ತಿನಲ್ಲಿಯೇ ಅಪೂರ್ವ. ಆದರೆ ಉತ್ತರ ಭಾರತದ ಮಕ್ಕಳಲ್ಲಿ ಇದು ಬೇರೆಡೆಗಿಂತ ಹೆಚ್ಚಾಗಿ ಕಂಡುಬಂದಿದೆ. ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾದ ಪ್ರಕರಣಗಳ ಬಹುಪಾಲು ಅಲ್ಲಿನವೇ.

ಮೊದಲ ದಿನ ನೋಡಬೇಕಾದದ್ದು

ಆರೋಗ್ಯವಂತ ಶಿಶು ಸಾಮಾನ್ಯವಾಗಿ ಹುಟ್ಟಿದ 24 ಗಂಟೆಗಳೊಳಗೆ ಕಪ್ಪುಹಸಿರು ಬಣ್ಣದ, ಅಂಟಾದ ಮೊದಲ ಮಲವನ್ನು ವಿಸರ್ಜಿಸುತ್ತದೆ. ಶಿಶುವನ್ನು ಒರೆಸುವಾಗಲೇ ಎರಡು ಕಾಲುಗಳನ್ನೂ ಮೇಲಕ್ಕೆತ್ತಿ ಗುದದ್ವಾರ ಇದೆಯೇ, ಸರಿಯಾದ ಸ್ಥಳದಲ್ಲಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಆಸ್ಪತ್ರೆಯಲ್ಲಿ ದಾದಿಯರು ಇದನ್ನು ನೋಡುತ್ತಾರೆ. ಆದರೂ ಶಿಶುವಿಗೆ ಸ್ನಾನ ಮಾಡಿಸುವ ಅಜ್ಜಿಯಾಗಲಿ ತಾಯಿಯಾಗಲಿ ಸ್ವತಃ ನೋಡಿಕೊಳ್ಳಬೇಕು.

ಈ ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡಬಾರದು: ಗುದದ್ವಾರ ಕಾಣದಿರುವುದು, ಒಂದು ದಿನ ಕಳೆದರೂ ಮಲ ಬಾರದಿರುವುದು, ಮೂತ್ರದೊಡನೆ ಹಸಿರು ಬಣ್ಣದ ಮಲ ಬೆರೆತು ಬರುವುದು, ಹೆಣ್ಣುಶಿಶುವಿನಲ್ಲಿ ಮುಂಭಾಗದಿಂದ ಮಲ ಬರುವುದು, ಹೊಟ್ಟೆ ಉಬ್ಬಿ ಬಿಗಿಯುವುದು, ಹಸಿರು ಬಣ್ಣದ ವಾಂತಿ.

ಮಲ ಬಂದಿಲ್ಲವೆಂದು ಹರಳೆಣ್ಣೆ ನೆಕ್ಕಿಸುವುದು, ಬಜೆ ತೇಯ್ದು ಕುಡಿಸುವುದು, ವೀಳ್ಯದೆಲೆಯ ತೊಟ್ಟನ್ನು ತೂರಿಸುವುದು ಇವು ಕೆಲವು ಕಡೆ ಇನ್ನೂ ಉಳಿದಿರುವ ರೂಢಿಗಳು. ದಾರಿಯೇ ಇಲ್ಲದ ಶಿಶುವಿಗೆ ಇವುಗಳಿಂದ ಅಪಾಯ ಹೆಚ್ಚುತ್ತದೆ. ಕರುಳು ಉಬ್ಬುತ್ತ ಹೋಗಿ ಕೊನೆಗೆ ಒಡೆದರೆ ಪ್ರಾಣಕ್ಕೇ ಕುತ್ತು. ಸೂಜಿಯಿಂದಾಗಲಿ ಬ್ಲೇಡಿನಿಂದಾಗಲಿ ಮನೆಯಲ್ಲಿ ರಂಧ್ರ ಮಾಡುವ ಸಾಹಸವನ್ನಂತೂ ಯಾರೂ ಮಾಡಕೂಡದು.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮುಂಭಾಗದ ರಂಧ್ರದಿಂದ ಮಲ ಬರುತ್ತಿರುವುದರಿಂದ ಮಗುವಿಗೆ ಕೂಡಲೇ ತೊಂದರೆ ತೋರುವುದಿಲ್ಲ. ಎದೆಹಾಲು ಕುಡಿಯುವವರೆಗೆ ಮಲ ತೆಳುವಾಗಿದ್ದು ಹರಿದುಹೋಗುತ್ತದೆ. ರಾಗಿಸರಿ, ಅನ್ನ ಆರಂಭವಾದೊಡನೆ ಮಲ ಗಟ್ಟಿಯಾಗಿ ಆ ಕಿರಿದಾದ ರಂಧ್ರದಿಂದ ಹೊರಬರಲಾರದೆ ಹೊಟ್ಟೆ ಉಬ್ಬತೊಡಗುತ್ತದೆ. ಹೆಣ್ಣುಮಗು, ಹೊರಗೆ ತಿಳಿದರೆ ಮುಂದೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟ ಪ್ರಸಂಗಗಳೂ ಉಂಟು. ಅಷ್ಟು ಹೊತ್ತಿಗೆ ಗುದನಾಳ ಹಿಗ್ಗಿ ತನ್ನ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಸುಲಭವಾಗಿ ಸರಿಪಡಿಸಬಹುದಾಗಿದ್ದುದನ್ನು ನಾಚಿಕೆಯೇ ಕಠಿಣವಾಗಿಸುತ್ತದೆ.

ಆಸ್ಪತ್ರೆಯ ಮೊದಲ 24 ಗಂಟೆಗಳು

ಶಿಶುವನ್ನು ಆಸ್ಪತ್ರೆಗೆ ತಂದೊಡನೆ ಶಸ್ತ್ರಚಿಕಿತ್ಸೆ ಮಾಡಲಿಲ್ಲವೆಂದು ಕೆಲವು ಬಂಧುಗಳು ಆತಂಕಪಡುತ್ತಾರೆ. ಇಲ್ಲಿ ಕಾಯುವುದಕ್ಕೆ ಕಾರಣವಿದೆ. ಶಿಶು ನುಂಗಿದ ಗಾಳಿ ಕರುಳಿನ ಕೊನೆಯನ್ನು ತಲುಪಲು, ಸಣ್ಣ ಫಿಸ್ಟುಲಾದ ಮೂಲಕ ಮಲ ಹೊರಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 16ರಿಂದ 24 ಗಂಟೆಗಳು ಬೇಕು. ಅಲ್ಲಿಯವರೆಗೆ ಶಿಶುವಿಗೆ ಹಾಲು ಕೊಡದೆ, ರಕ್ತನಾಳದ ಮೂಲಕ ದ್ರವ ನೀಡಿ, ಮೂಗಿನಿಂದ ಜಠರಕ್ಕೆ ತೆಳುವಾದ ನಳಿಕೆಯಿಳಿಸಿ ಕಾಪಾಡುತ್ತಾರೆ. ಅನಂತರ ಶಿಶುವನ್ನು ಬೋರಲಾಗಿ ಮಲಗಿಸಿ ಪಕ್ಕದಿಂದ ಎಕ್ಸರೇ ತೆಗೆದಾಗ ಗುದನಾಳ ಚರ್ಮದಿಂದ ಎಷ್ಟು ದೂರದಲ್ಲಿ ನಿಂತಿದೆಯೆಂಬುದು ತಿಳಿಯುತ್ತದೆ.

ಈ ಅವಧಿಯಲ್ಲಿ ಇನ್ನೊಂದು ಮಹತ್ವದ ಕಾರ್ಯ ನಡೆಯುತ್ತದೆ. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಬೇರೆ ಅಂಗಗಳಲ್ಲಿಯೂ ಏನಾದರೊಂದು ದೋಷವಿರುತ್ತದೆ. ಬೆನ್ನುಮೂಳೆ, ಹೃದಯ, ಅನ್ನನಾಳ, ಮೂತ್ರಪಿಂಡ, ಕೈಕಾಲುಗಳ ದೋಷಗಳು ಗುದದೋಷದೊಡನೆ ಕೂಡಿ ಬರುವುದನ್ನು ವೈದ್ಯರು ‘ವ್ಯಾಕ್ಟರ್ಲ್’ ಎಂದು ಕರೆಯುತ್ತಾರೆ. ಆದ್ದರಿಂದ ಹೃದಯದ ಎಕೋ ಪರೀಕ್ಷೆ, ಮೂತ್ರಪಿಂಡ ಮತ್ತು ಬೆನ್ನುಹುರಿಯ ಅಲ್ಟ್ರಾಸೌಂಡ್, ಬೆನ್ನುಮೂಳೆಯ ಎಕ್ಸರೇ ಇವೆಲ್ಲವೂ ಅವಶ್ಯ. ಬೆನ್ನುಹುರಿಯ ಅಲ್ಟ್ರಾಸೌಂಡನ್ನು ಮೊದಲ ಮೂರು ತಿಂಗಳೊಳಗೆ ಮಾಡಿಸಬೇಕು. ಮೂಳೆ ಗಟ್ಟಿಯಾದ ಮೇಲೆ ಅದರಿಂದ ಒಳಭಾಗ ಕಾಣುವುದಿಲ್ಲ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಬೆನ್ನುಹುರಿಯ ತುದಿ ಕೆಳಗೆ ಅಂಟಿಕೊಂಡಿರುತ್ತದೆ. ಮಗು ಬೆಳೆದಂತೆ ಅದು ಎಳೆತಕ್ಕೆ ಒಳಗಾಗಿ ಕಾಲು ಮತ್ತು ಮೂತ್ರಕೋಶಗಳಿಗೆ ತೊಂದರೆಯಾಗಬಹುದು. ಮಕ್ಕಳ ಪ್ರಾಣಕ್ಕೆ ಅಪಾಯ ಒದಗುವುದು ಬಹಳ ಸಲ ಗುದದೋಷದಿಂದಲ್ಲ, ಅದರ ಜೊತೆಗಿರುವ ಹೃದಯ ಅಥವಾ ಮೂತ್ರಪಿಂಡದ ದೋಷದಿಂದ.

ಚಿಕಿತ್ಸೆ ನಡೆದುಬಂದ ದಾರಿ

ಈ ದೋಷ ಪ್ರಾಚೀನರಿಗೂ ತಿಳಿದಿತ್ತು. 7ನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲನು ಮುಚ್ಚಿದ ಪೊರೆಯನ್ನು ಬೆರಳಿನಿಂದಲೋ ಕತ್ತಿಯಿಂದಲೋ ಬಿಡಿಸಬೇಕೆಂದು ಬರೆದಿದ್ದಾನೆ. ಪೊರೆ ತೆಳುವಾಗಿದ್ದ ಕೆಲವರು ಅದರಿಂದ ಬದುಕಿರಬಹುದು. ಗುದನಾಳ ಮೇಲೆ ನಿಂತಿದ್ದವರಿಗೆ ಉಳಿವಿರಲಿಲ್ಲ. 1710ರಲ್ಲಿ ಫ್ರಾನ್ಸಿನ ಲಿತ್ರ್ ಎಂಬ ವೈದ್ಯನು ಹೀಗೆ ಮೃತಪಟ್ಟ ಶಿಶುವಿನ ದೇಹವನ್ನು ಪರೀಕ್ಷಿಸಿ, ಕರುಳನ್ನು ಹೊಟ್ಟೆಯ ಮೇಲೆ ತೆರೆದಿಟ್ಟರೆ ಮಗು ಬದುಕಬಲ್ಲದೆಂದು ಸೂಚಿಸಿದನು. 1793ರಲ್ಲಿ ಬ್ರೆಸ್ಟ್ ನಗರದ ದ್ಯುರೆ ಎಂಬ ಶಸ್ತ್ರವೈದ್ಯನು ಮೂರು ದಿನದ ಶಿಶುವಿಗೆ ಅದನ್ನು ಮಾಡಿದನು. ಆ ಮಗು ಬೆಳೆದು 45 ವರ್ಷ ಬಾಳಿತು. ಇಂದು ನಾವು ಕೊಲೊಸ್ಟಮಿ ಎನ್ನುವ ಶಸ್ತ್ರಕ್ರಿಯೆಯ ಆರಂಭಿಕ ಯಶಸ್ಸುಗಳಲ್ಲಿ ಇದೂ ಒಂದು. 1835ರಲ್ಲಿ ಪ್ಯಾರಿಸ್‌ನ ಅಮ್ಯುಸಾ ಗುದನಾಳವನ್ನು ಕೆಳಕ್ಕೆ ತಂದು ಚರ್ಮಕ್ಕೆ ಹೊಲಿದನು. ಅದರಿಂದ ಮಾಡಿದ ದ್ವಾರ ಮತ್ತೆ ಮುಚ್ಚಿಕೊಳ್ಳುವುದು ತಪ್ಪಿತು.

ಹೀಗೆ ಪ್ರಾಣವೇನೋ ಉಳಿಯತೊಡಗಿತು. ಆದರೆ ಬದುಕಿದ ಮಕ್ಕಳಲ್ಲಿ ಅನೇಕರಿಗೆ ಮಲದ ಮೇಲೆ ಹಿಡಿತವೇ ಇರಲಿಲ್ಲ. ಗುದನಾಳವನ್ನು ಸುತ್ತುವರಿದು ಹಿಡಿಯುವ ಸ್ನಾಯುಗಳು ಎಲ್ಲಿವೆಯೆಂದು ಕಾಣದೆ, ಅಂದಾಜಿನ ಮೇಲೆ ಕರುಳನ್ನು ಕೆಳಗೆಳೆಯುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಡಗ್ಲಸ್ ಸ್ಟೀಫನ್ಸ್ ಈ ಸ್ನಾಯುಗಳ ಮಹತ್ವವನ್ನು ಎತ್ತಿ ತೋರಿಸಿದರು. 1980ರಲ್ಲಿ ಮೆಕ್ಸಿಕೊದ ಮಕ್ಕಳ ಶಸ್ತ್ರವೈದ್ಯ ಆಲ್ಬರ್ಟೊ ಪೇನ್ಯಾ ಅವರು ಎಲ್ಲವನ್ನೂ ಕಣ್ಣಿನಿಂದ ನೋಡಿಯೇ ಮಾಡುವ ಹೊಸ ವಿಧಾನವನ್ನು ಕೈಗೊಂಡರು. 1982ರಲ್ಲಿ ಪೀಟರ್ ಡಿವ್ರೀಸ್ ಅವರೊಡನೆ ಅದನ್ನು ಪ್ರಕಟಿಸಿದರು. ಇಂದು ಜಗತ್ತಿನ ಎಲ್ಲೆಡೆ ‘ಪಿ ಸಾರ್ಪ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವುದು ಈ ವಿಧಾನವೇ.

ಶಸ್ತ್ರಚಿಕಿತ್ಸೆಯ ಹಂತಗಳು

ಸೌಮ್ಯ ಬಗೆಯ ದೋಷವಿದ್ದು ದ್ವಾರ ಚರ್ಮದಲ್ಲಿಯೇ ತೆರೆದಿದ್ದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಒಂದೇ ಸಣ್ಣ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಉಳಿದವರಿಗೆ ಸಾಮಾನ್ಯವಾಗಿ ಮೂರು ಹಂತಗಳು.

ಮೊದಲನೆಯದು ಕೊಲೊಸ್ಟಮಿ. ಹೊಟ್ಟೆಯ ಎಡಭಾಗದಲ್ಲಿ ದೊಡ್ಡ ಕರುಳನ್ನು ಬೇರ್ಪಡಿಸಿ ಎರಡು ಬಾಯಿಗಳನ್ನು ಹೊರಕ್ಕೆ ತೆರೆಯುತ್ತಾರೆ. ಮೇಲಿನ ಬಾಯಿಯಿಂದ ಮಲ ಬರುತ್ತದೆ. ಕೆಳಗಿನದರಿಂದ ಲೋಳೆ ಮಾತ್ರ. ಈ ಕೆಂಪು ಭಾಗವನ್ನು ಕಂಡು ತಾಯಂದಿರು ಹೆದರುತ್ತಾರೆ. ಆದರೆ ಕರುಳಿನ ಆ ಒಳಪದರವನ್ನು ಮುಟ್ಟಿದರೆ ಶಿಶುವಿಗೆ ನೋವಾಗುವುದಿಲ್ಲ. ಅದು ಕೆಂಪಗೆ, ತೇವವಾಗಿರುವುದೇ ಆರೋಗ್ಯದ ಲಕ್ಷಣ. ಕಪ್ಪಾದರೆ, ಉದ್ದವಾಗಿ ಹೊರಕ್ಕೆ ಜಾರಿದರೆ, ಮಲ ಬರುವುದು ನಿಂತರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಶಿಶುವಿಗೆ ಎಂದಿನಂತೆ ಎದೆಹಾಲು ಕೊಡಬಹುದು, ಸ್ನಾನ ಮಾಡಿಸಬಹುದು. ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ತೊಳೆದು ಒಣಗಿಸಿ, ವೈದ್ಯರು ಹೇಳಿದ ಮುಲಾಮು ಹಚ್ಚಿ, ಚೀಲವನ್ನಾಗಲಿ ಮೆತ್ತನೆಯ ಶುಭ್ರವಾದ ಹತ್ತಿಬಟ್ಟೆಯನ್ನಾಗಲಿ ಇಡಬೇಕು. ಇದು ತಾತ್ಕಾಲಿಕ ವ್ಯವಸ್ಥೆ.

ಮುಖ್ಯ ಶಸ್ತ್ರಕ್ರಿಯೆಗೆ ಮುನ್ನ ಕೆಳಗಿನ ಬಾಯಿಯ ಮೂಲಕ ಔಷಧದ್ರವವನ್ನು ಒತ್ತಡದಿಂದ ತುಂಬಿಸಿ ಎಕ್ಸರೇ ತೆಗೆಯುತ್ತಾರೆ. ಗುದನಾಳ ಮೂತ್ರಮಾರ್ಗಕ್ಕೆ ಎಲ್ಲಿ ಸೇರಿದೆಯೆಂಬ ನಕ್ಷೆ ಇದರಿಂದ ದೊರಕುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಶಸ್ತ್ರಕ್ರಿಯೆಗೆ ತೊಡಗಿದರೆ ಮೂತ್ರಮಾರ್ಗಕ್ಕೆ ಗಾಯವಾಗುವ ಅಪಾಯವಿದೆ.

ಎರಡನೆಯದು ಮುಖ್ಯ ಶಸ್ತ್ರಕ್ರಿಯೆ. ಶಿಶು ತೂಕ ಹೆಚ್ಚಿಸಿಕೊಂಡು ಚೆನ್ನಾಗಿ ಬೆಳೆಯುತ್ತಿದ್ದರೆ ಒಂದೆರಡು ತಿಂಗಳ ವಯಸ್ಸಿನಿಂದಲೇ ಇದನ್ನು ಮಾಡಬಹುದು. ಮಗುವನ್ನು ಬೋರಲಾಗಿ ಮಲಗಿಸಿ ಸೊಂಟವನ್ನು ಎತ್ತರಿಸಿ, ಬೆನ್ನಿನ ಕೆಳತುದಿಯಿಂದ ಗುದದ ಜಾಗದವರೆಗೆ ಸರಿಯಾಗಿ ನಡುಗೆರೆಯಲ್ಲಿಯೇ ಕೊಯ್ಯುತ್ತಾರೆ. ಎಡಬಲಗಳ ಮುಖ್ಯ ನರಗಳು ಈ ನಡುಗೆರೆಯನ್ನು ದಾಟುವುದಿಲ್ಲ. ಆದ್ದರಿಂದ ಗೆರೆ ತಪ್ಪದಿದ್ದರೆ ನರಗಳಿಗೆ ಹಾನಿಯಾಗದು. ವಿದ್ಯುತ್ತಿನ ಮಂದ ಪ್ರಚೋದನೆ ಕೊಟ್ಟಾಗ ಸ್ನಾಯುಗಳು ಎಲ್ಲೆಲ್ಲಿ ಕುಗ್ಗುತ್ತವೆಯೋ ಅದನ್ನು ನೋಡಿ ಹಿಡಿತದ ಸ್ನಾಯುಗಳ ಮೇರೆಯನ್ನು ಗುರುತಿಸುತ್ತಾರೆ. ಗುದನಾಳವನ್ನು ಮೂತ್ರಮಾರ್ಗದಿಂದ ಎಚ್ಚರಿಕೆಯಿಂದ ಬಿಡಿಸಿ, ಅಲ್ಲಿ ಉಳಿದ ರಂಧ್ರವನ್ನು ಮುಚ್ಚಿ, ಗುದನಾಳವನ್ನು ಸ್ನಾಯುಗಳ ಸರಿಯಾದ ನಡುವಿನಲ್ಲಿ ಕೂಡಿಸಿ ಹೊಲಿಯುತ್ತಾರೆ. ಗುದನಾಳ ಬಹಳ ಮೇಲಿದ್ದಾಗ ಹೊಟ್ಟೆಯ ಭಾಗದಿಂದಲೂ ಪ್ರವೇಶಿಸಬೇಕಾಗುತ್ತದೆ. 2000ದಲ್ಲಿ ಅಮೆರಿಕದ ಕೀತ್ ಜಾರ್ಜೆಸನ್ ಮತ್ತು ಸಂಗಡಿಗರು ವಿವರಿಸಿದ ಲ್ಯಾಪರೊಸ್ಕೋಪಿ ವಿಧಾನ ಅಂತಹ ಮಕ್ಕಳಿಗೆ ಉಪಯುಕ್ತವಾಗಿದೆ.

ಕ್ಲೋಯಕದ ಹೆಣ್ಣುಮಕ್ಕಳಲ್ಲಿ ಮೂರು ದಾರಿಗಳನ್ನೂ ಬೇರ್ಪಡಿಸಿ ಮೂರು ದ್ವಾರಗಳನ್ನು ರೂಪಿಸಬೇಕು. ಮೂರೂ ಕೂಡಿರುವ ಸಾಮಾನ್ಯ ನಾಳದ ಉದ್ದ 3 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಲಸ ಅಷ್ಟು ತೊಡಕಿನದಲ್ಲ. ಅದಕ್ಕಿಂತ ಉದ್ದವಾಗಿದ್ದರೆ ವಿಶೇಷ ಅನುಭವವುಳ್ಳ ಕೇಂದ್ರಕ್ಕೇ ಹೋಗಬೇಕು. ಮೊದಲ ಪ್ರಯತ್ನವೇ ಅತ್ಯುತ್ತಮ ಅವಕಾಶ. ಒಮ್ಮೆ ಕೆಟ್ಟ ಶಸ್ತ್ರಕ್ರಿಯೆಯನ್ನು ಮತ್ತೆ ಸರಿಪಡಿಸಿದರೂ ಮೊದಲಿನಷ್ಟು ಫಲ ದೊರೆಯುವುದಿಲ್ಲ.

ಹೊಲಿಗೆ ಮಾಗಿದ ಮೇಲೆ, ಸಾಮಾನ್ಯವಾಗಿ ಎರಡು ವಾರಗಳ ನಂತರ, ಹೊಸ ದ್ವಾರ ಕುಗ್ಗದಂತೆ ಲೋಹದ ನುಣುಪಾದ ಕಡ್ಡಿಗಳಿಂದ ಹಿಗ್ಗಿಸುವ ಕ್ರಮ ಆರಂಭವಾಗುತ್ತದೆ. ವೈದ್ಯರು ತೋರಿಸಿಕೊಟ್ಟಂತೆ ತಂದೆತಾಯಿಯರೇ ಮನೆಯಲ್ಲಿ ದಿನಕ್ಕೆ ಎರಡು ಸಲ ಇದನ್ನು ಮಾಡಬೇಕು. ವಾರವಾರಕ್ಕೆ ಕಡ್ಡಿಯ ಗಾತ್ರ ಹೆಚ್ಚುತ್ತ ವಯಸ್ಸಿಗೆ ತಕ್ಕ ಅಳತೆಯನ್ನು ತಲುಪುತ್ತದೆ. ಮಗು ಅಳುತ್ತದೆಂದು ಕನಿಕರಪಟ್ಟು ನಡುವೆ ಬಿಟ್ಟವರ ಮಕ್ಕಳಿಗೆ ದ್ವಾರ ಕಿರಿದಾಗಿ ಮತ್ತೆ ಶಸ್ತ್ರಕ್ರಿಯೆ ಬೇಕಾಗಬಹುದು. ಕೆಲವು ಕೇಂದ್ರಗಳು ಈಗ ಎಲ್ಲ ಮಕ್ಕಳಿಗೂ ಈ ಕ್ರಮವನ್ನು ಹೇಳುವುದಿಲ್ಲ. ನಿಮ್ಮ ಮಗುವಿನ ಶಸ್ತ್ರವೈದ್ಯರ ಮಾತನ್ನೇ ಪಾಲಿಸಿರಿ.

ಮೂರನೆಯದು ಕೊಲೊಸ್ಟಮಿಯನ್ನು ಮುಚ್ಚುವುದು. ಆ ಮೇಲೆ ಮಲವು ಮೊದಲ ಬಾರಿಗೆ ಹೊಸ ದ್ವಾರದಿಂದ ಬರುತ್ತದೆ. ಆರಂಭದ ಕೆಲವು ವಾರಗಳು ಮಗು ದಿನಕ್ಕೆ ಅನೇಕ ಸಲ ಮಲ ವಿಸರ್ಜಿಸಿ, ಅದುವರೆಗೆ ಮಲದ ಸ್ಪರ್ಶವನ್ನೇ ಕಾಣದ ಚರ್ಮ ಕೆಂಪಗಾಗಿ ಸುಲಿಯುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಪ್ರತಿಸಲವೂ ಮೃದುವಾಗಿ ತೊಳೆದು, ಒಣಗಿಸಿ, ಮುಲಾಮಿನ ದಪ್ಪ ಲೇಪವಿಟ್ಟರೆ ಕ್ರಮೇಣ ಕಡಿಮೆಯಾಗುತ್ತದೆ.

ಮುಂದಿನ ವರ್ಷಗಳು

ಕೊಲೊಸ್ಟಮಿ ಮುಚ್ಚಿದ ದಿನ ಅನೇಕ ಕುಟುಂಬಗಳು ‘ಎಲ್ಲ ಮುಗಿಯಿತು’ ಎಂದು ನಿಟ್ಟುಸಿರು ಬಿಟ್ಟು ಆಸ್ಪತ್ರೆಯ ದಾರಿಯನ್ನೇ ಮರೆಯುತ್ತವೆ. ಮಗುವಿನ ಭವಿಷ್ಯವನ್ನು ನಿರ್ಧರಿಸುವ ವರ್ಷಗಳು ಆರಂಭವಾಗುವುದು ಆಗಲೇ.

ಮಲದ ಮೇಲಿನ ಹಿಡಿತಕ್ಕೆ ಮೂರು ಸಂಗತಿಗಳು ಬೇಕು: ಸ್ನಾಯುಗಳ ಶಕ್ತಿ, ಮಲ ಬಂದಿದೆಯೆಂಬ ಅರಿವು, ಕರುಳಿನ ಕ್ರಮಬದ್ಧ ಚಲನೆ. ಹುಟ್ಟಿನಿಂದ ಇವುಗಳಲ್ಲಿ ಎಷ್ಟು ಕೊರತೆಯಿದೆಯೆಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಬೆನ್ನಿನ ಕೊನೆಯ ತ್ರಿಕಾಸ್ಥಿ ಚೆನ್ನಾಗಿ ಬೆಳೆದಿದ್ದರೆ ನರಗಳೂ ಚೆನ್ನಾಗಿರುತ್ತವೆ. ವೈದ್ಯರು ಎಕ್ಸರೇಯಲ್ಲಿ ಇದನ್ನು ಅಳೆದು ಒಂದು ಅನುಪಾತವನ್ನು ಲೆಕ್ಕ ಹಾಕುತ್ತಾರೆ. ಅದು 0.7ಕ್ಕಿಂತ ಹೆಚ್ಚಿದ್ದರೆ ಆಶಾದಾಯಕ, 0.4ಕ್ಕಿಂತ ಕಡಿಮೆಯಿದ್ದರೆ ಸ್ವಾಭಾವಿಕ ಹಿಡಿತ ದೊರಕುವುದು ಕಷ್ಟ. ಪೇನ್ಯಾ ಅವರ ದೀರ್ಘ ಅನುಭವದಲ್ಲಿ ಸುಮಾರು ಮುಕ್ಕಾಲು ಭಾಗದ ಮಕ್ಕಳು ಮೂರು ವರ್ಷದ ನಂತರ ತಾವಾಗಿಯೇ ಮಲವಿಸರ್ಜನೆಗೆ ಹೋಗಬಲ್ಲವರಾದರು. ಅವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಆಗೀಗ ಬಟ್ಟೆ ಸ್ವಲ್ಪ ಕೊಳೆಯಾಗುವುದು ಉಳಿಯಿತು. ಕಾಲುಭಾಗದ ಮಕ್ಕಳಿಗೆ ಹಿಡಿತ ಬರಲಿಲ್ಲ.

ಸೌಮ್ಯ ದೋಷದ ಮಕ್ಕಳನ್ನು ಕಾಡುವ ದೊಡ್ಡ ತೊಂದರೆ ಮಲಬದ್ಧತೆ. ಇದನ್ನು ಅಲಕ್ಷಿಸಿದರೆ ಗುದನಾಳ ಹಿಗ್ಗುತ್ತದೆ. ಗಟ್ಟಿ ಮಲದ ಸುತ್ತಲಿಂದ ತೆಳುಮಲ ಸೋರಿ ಸದಾ ಬಟ್ಟೆ ಕೊಳೆಯಾಗುತ್ತದೆ. ಹಿಡಿತವಿರುವ ಮಗುವೂ ಹಿಡಿತವಿಲ್ಲದಂತೆ ತೋರುತ್ತದೆ. ಹಿರಿಯರು ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲುವ ಔಷಧ ಕೊಟ್ಟರೆ ಸ್ಥಿತಿ ಇನ್ನೂ ಕೆಡುತ್ತದೆ. ತರಕಾರಿ, ಹಣ್ಣು, ನೀರು ಒಳ್ಳೆಯವೇ. ಆದರೆ ಈ ಮಕ್ಕಳಿಗೆ ಅವಷ್ಟೇ ಸಾಲುವುದಿಲ್ಲ. ವೈದ್ಯರು ನಿರ್ಧರಿಸಿದ ಪ್ರಮಾಣದ ವಿರೇಚಕ ಔಷಧವನ್ನು ನಿತ್ಯವೂ ಕೊಡಬೇಕಾಗುತ್ತದೆ.

ನಿಜವಾಗಿಯೇ ಹಿಡಿತ ಬಾರದ ಮಕ್ಕಳಿಗೂ ದಾರಿಯಿದೆ. ದಿನಕ್ಕೊಮ್ಮೆ ನಿಶ್ಚಿತ ಸಮಯದಲ್ಲಿ ಎನಿಮಾ ಕೊಟ್ಟು ದೊಡ್ಡ ಕರುಳನ್ನು ಪೂರ್ತಿ ಖಾಲಿ ಮಾಡಿದರೆ ಮರುದಿನದ ಎನಿಮಾದವರೆಗೆ ಮಗು ಶುಚಿಯಾಗಿರುತ್ತದೆ. ಎಷ್ಟು ದ್ರವ, ಯಾವ ದ್ರವ ಎಂಬುದನ್ನು ವೈದ್ಯರು ಎಕ್ಸರೇ ನೋಡುತ್ತ ಒಂದೆರಡು ವಾರಗಳಲ್ಲಿ ಹದಗೊಳಿಸುತ್ತಾರೆ. ಮಗು ದೊಡ್ಡದಾಗಿ ಇನ್ನೊಬ್ಬರ ಕೈಯಿಂದ ಎನಿಮಾ ಪಡೆಯಲು ಸಂಕೋಚಪಟ್ಟಾಗ, ಇಂಗ್ಲೆಂಡಿನ ಮಲೋನ್ 1990ರಲ್ಲಿ ವಿವರಿಸಿದ ವಿಧಾನ ನೆರವಾಗುತ್ತದೆ. ಅದರಲ್ಲಿ ಅಪೆಂಡಿಕ್ಸನ್ನು ಹೊಟ್ಟೆಯ ಮೇಲೆ, ಸಾಧ್ಯವಾದರೆ ಹೊಕ್ಕುಳಿನಲ್ಲಿಯೇ ಸಣ್ಣ ದ್ವಾರವಾಗಿ ತೆರೆಯುತ್ತಾರೆ. ಮಗು ತಾನೇ ಶೌಚಾಲಯದಲ್ಲಿ ಕುಳಿತು ಆ ದ್ವಾರದಿಂದ ದ್ರವ ಹರಿಸಿ ಕರುಳನ್ನು ಶುದ್ಧಗೊಳಿಸಿಕೊಳ್ಳಬಹುದು.

ಇಲ್ಲಿ ಶಾಲೆಯ ವಿಚಾರ ಮುಖ್ಯ. ಬಟ್ಟೆಯಿಂದ ವಾಸನೆ ಬರುವ ಮಗುವಿನ ಪಕ್ಕದಲ್ಲಿ ಇತರ ಮಕ್ಕಳು ಕುಳಿತುಕೊಳ್ಳುವುದಿಲ್ಲ. ಆ ಮಗು ಕ್ರಮೇಣ ಮೌನಿಯಾಗಿ, ಕೊನೆಗೆ ಶಾಲೆಯನ್ನೇ ಬಿಡುತ್ತದೆ. ‘ಇಷ್ಟು ದೊಡ್ಡವನಾದರೂ ಬುದ್ಧಿಯಿಲ್ಲ’ ಎಂದು ಮನೆಯಲ್ಲಿಯೂ ಬೈದರೆ ಅದಕ್ಕೆ ಆಸರೆಯೆಲ್ಲಿ? ಮಗು ಹಟದಿಂದಾಗಲಿ ಸೋಮಾರಿತನದಿಂದಾಗಲಿ ಹೀಗೆ ಮಾಡುತ್ತಿಲ್ಲ. ಶಾಲೆಗೆ ಸೇರಿಸುವ ಮುನ್ನವೇ ಶುಚಿಯಾಗಿರುವ ವ್ಯವಸ್ಥೆಯನ್ನು ವೈದ್ಯರಿಂದ ಕಲಿತುಕೊಂಡು, ಶಿಕ್ಷಕರೊಬ್ಬರಿಗೆ ವಿಶ್ವಾಸದಿಂದ ತಿಳಿಸಿ, ಕೇಳಿದಾಗ ಶೌಚಾಲಯಕ್ಕೆ ಬಿಡುವಂತೆ ಕೋರಬೇಕು.

ಕುಟುಂಬದವರ ಕೆಲವು ಪ್ರಶ್ನೆಗಳು

ಮುಂದಿನ ಮಗುವಿಗೂ ಹೀಗಾಗುವುದೇ? ಬಹುಪಾಲು ಕುಟುಂಬಗಳಲ್ಲಿ ಆ ಸಂಭವ ತೀರ ಕಡಿಮೆ. ಕೆಲವು ಬಗೆಗಳು ಮಾತ್ರ ವಂಶವಾಹಿ ಕಾರಣದವು. ಮನೆತನದಲ್ಲಿ ಇನ್ನೊಬ್ಬರಿಗೂ ಇಂತಹ ದೋಷವಿದ್ದರೆ ತಜ್ಞರ ಸಲಹೆ ಪಡೆಯಬೇಕು.

ಹೆಣ್ಣುಮಗುವಿಗೆ ಮುಂದೆ ಮದುವೆ, ಮಕ್ಕಳು ಸಾಧ್ಯವೇ? ಸಾಮಾನ್ಯ ಬಗೆಯ ದೋಷವು ಸರಿಯಾಗಿ ದುರಸ್ತಿಯಾಗಿದ್ದರೆ ಸಾಧ್ಯ. ಹೆರಿಗೆಯ ಸಮಯದಲ್ಲಿ ಸಿಸೇರಿಯನ್ ಬೇಕೇ ಎಂಬುದನ್ನು ಪ್ರಸೂತಿ ವೈದ್ಯರು ಹಳೆಯ ಶಸ್ತ್ರಕ್ರಿಯೆಯ ವಿವರ ನೋಡಿ ನಿರ್ಧರಿಸುತ್ತಾರೆ. ಕ್ಲೋಯಕದ ಹೆಣ್ಣುಮಕ್ಕಳನ್ನು ಮೈನೆರೆಯುವ ವಯಸ್ಸಿಗೆ ಮುಂಚಿತವಾಗಿ ತಪ್ಪದೆ ಪರೀಕ್ಷಿಸಬೇಕು. ಗರ್ಭಕೋಶದ ದಾರಿ ಮುಚ್ಚಿದ್ದರೆ ಮುಟ್ಟಿನ ರಕ್ತ ಒಳಗೆ ಸಂಗ್ರಹವಾಗಿ ತೀವ್ರ ನೋವುಂಟಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಎಲ್ಲ ಕಾಗದಪತ್ರಗಳನ್ನೂ ಜೋಪಾನವಾಗಿ ಕಾಯ್ದಿರಿಸಬೇಕು.

ಖರ್ಚನ್ನು ಭರಿಸುವುದು ಹೇಗೆ? ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅಂತಹವುಗಳಲ್ಲಿ ಒಂದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಶಿಶುವನ್ನು ಒಯ್ಯುವಾಗ ಪಡಿತರ ಚೀಟಿ, ಆಧಾರ್ ಮತ್ತು ಮೊದಲು ನೋಡಿದ ವೈದ್ಯರ ಶಿಫಾರಸು ಪತ್ರ ಜೊತೆಗಿರಲಿ. ಆಶಾ ಕಾರ್ಯಕರ್ತೆಯರು ಇದಕ್ಕೆ ಮಾರ್ಗದರ್ಶನ ಮಾಡುತ್ತಾರೆ. ಪ್ರಯಾಣದಲ್ಲಿ ಶಿಶುವನ್ನು ಬೆಚ್ಚಗೆ ಹೊದಿಸಿ, ತಾಯಿಯ ಎದೆಗೆ ತಾಗುವಂತೆ ಇಟ್ಟುಕೊಂಡು ಹೋಗಬೇಕು.

ಇಂತಹ ಶಿಶು ಜನಿಸಿದ ಮನೆಗೆ ಬಂಧುಬಳಗದವರು ಸಲ್ಲಿಸಬಹುದಾದ ಸೇವೆಯೂ ಉಂಟು. ಆಸ್ಪತ್ರೆಯ ದಿನಗಳಲ್ಲಿ ಮನೆಯ ಇತರ ಮಕ್ಕಳನ್ನು ನೋಡಿಕೊಳ್ಳುವುದು, ಕೊಲೊಸ್ಟಮಿಯ ಆರೈಕೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸದೆ ತಂದೆ, ಅಜ್ಜಿ, ಸೋದರತ್ತೆಯರೂ ಕಲಿತುಕೊಳ್ಳುವುದು, ಮುಂದಿನ ಪರೀಕ್ಷೆಯ ದಿನಾಂಕವನ್ನು ನೆನಪಿಸುವುದು ಇವು ಸಣ್ಣವಾಗಿ ತೋರಿದರೂ ಬಹಳ ಉಪಕಾರವಾದ ಕೆಲಸಗಳು. ಊರಿನಲ್ಲಿ ಯಾರ ಮನೆಯಲ್ಲಿಯಾದರೂ ಹೆರಿಗೆಯಾದ ಸುದ್ದಿ ಬಂದಾಗ, ತಾಯಿ ಮಗು ಕ್ಷೇಮವೇ ಎಂದು ಕೇಳುವುದರ ಜೊತೆಗೆ ‘ಮಗು ಮಲ, ಮೂತ್ರ ಮಾಡಿತೇ, ಹಿಂಭಾಗವನ್ನು ನೋಡಿದಿರಾ’ ಎಂದು ಒಂದು ಮಾತು ಹೆಚ್ಚಾಗಿ ವಿಚಾರಿಸುವ ರೂಢಿಯನ್ನು ಹಿರಿಯ ತಾಯಂದಿರು ಬೆಳೆಸಿಕೊಳ್ಳಬೇಕೆಂದು ವಿನಂತಿ.